ಹುಳುವಿನ ಮೂಗು

ನಮ್ಮ ಮನೆಯಲ್ಲಿ ಕಿಟಕಿ ತೆರೆಯುವ ಖಾತೆ ನನ್ನದು, ಮುಚ್ಚುವ ಖಾತೆ ನನ್ನ ಹೆಂಡತಿಯದು. ಚಳ್ಳಕೆರೆಯಂಥ ಊರಿನಲ್ಲಿ ಎರಡೂ ಖಾತೆಗಳಿಗೆ ಕೈತುಂಬ ಕೆಲಸ. ಬೇಸಿಗೆಯಾದರೆ ಧೂಳು, ಸಂಜೆಯಾದರೆ ಸೊಳ್ಳೆ, ಗಾಳಿ ತಿರುಗಿದರೆ ಎಣ್ಣೆ ಗಿರಣಿಗಳ ಕಡೆಯಿಂದ ತೇಲಿಬರುವ ಶೇಂಗಾ ಹಿಂಡಿಯ ವಾಸನೆ; ಮುಚ್ಚುವುದಕ್ಕೆ ಅವಳ ಬಳಿ ಋತುವಿಗೊಂದು ಕಾರಣ ಸಿದ್ಧವಾಗಿರುತ್ತದೆ. ತೆರೆಯುವುದಕ್ಕೆ ನನ್ನ ಬಳಿ ಇದ್ದದ್ದು ಒಂದೇ ಕಾರಣ, ಅದನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ನಿವೃತ್ತನಾದ ಗಂಡಸು ಬೇರೆ ಯಾರೂ ತನ್ನ ಮಾತು ಕೇಳದ ಕಾರಣ ಕಿಟಕಿಗಳ ಮೇಲೆ ಅಧಿಕಾರ ಚಲಾಯಿಸುತ್ತಿದ್ದಾನೆಂದು ಅವಳು ಭಾವಿಸಿದ್ದಳು. ಅದರಲ್ಲಿ ಮುಕ್ಕಾಲುಪಾಲು ಸತ್ಯವಿದ್ದುದರಿಂದ ನಾನೂ ತಿದ್ದಲು ಹೋಗಿರಲಿಲ್ಲ.

ಕಳೆದ ಪುಷ್ಯಮಾಸದ ಒಂದು ಬೆಳಿಗ್ಗೆ ಈ ಖಾತೆಗಳ ನಡುವೆ ನಿಜವಾದ ಘರ್ಷಣೆಯೇ ನಡೆಯಿತು. ಚಳಿಗೆ ಮೊಣಕಾಲು ಹಿಡಿದಿದೆಯೆಂದು ಅವಳು ಒಂದು ಹಳೆಯ ಬಾಣಲೆಯಲ್ಲಿ ಇದ್ದಿಲ ಕೆಂಡ ಮಾಡಿಕೊಂಡು, ಸಾಮಾನು ಇಡುವ ಚಿಕ್ಕ ಕೋಣೆಗೆ ಹೋಗಿ, ಕಾವು ಹೊರಗೆ ಹೋಗಬಾರದೆಂದು ಕಿಟಕಿ ಬಾಗಿಲುಗಳೆರಡನ್ನೂ ಭದ್ರಪಡಿಸಿ ಕುಳಿತಿದ್ದಳು. ಹಾಲು ತಂದು ಒಳಗೆ ಬಂದ ನನಗೆ ಇದ್ದಿಲ ಘಾಟು ಬಡಿಯಿತು. ನಾನು ಬಾಗಿಲನ್ನು ಹೇಗೆ ದೂಡಿದೆನೋ ಗೊತ್ತಿಲ್ಲ, ಅಗುಳಿ ಕಿತ್ತು ಬಂತು. ಅವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದು ಕೂರಿಸಿ, ಅಕ್ಕಪಕ್ಕದವರು ಗೋಡೆಯಾಚೆ ಇಣುಕುವಷ್ಟು ಜೋರಾಗಿ ಕೂಗಾಡಿದೆ. ಅವಳಿಗೆ ತುಸು ತಲೆ ಭಾರವಾಗಿದ್ದುದು ಬಿಟ್ಟರೆ ಏನೂ ಆಗಿರಲಿಲ್ಲ. ಮೂವತ್ತೆರಡು ವರ್ಷದ ಸಂಸಾರದಲ್ಲಿ ನಾನು ಹಾಗೆ ಕೂಗಿದ್ದನ್ನು ಅವಳು ನೋಡಿರಲಿಲ್ಲ. ಬೈಗುಳ ಮರೆತು, ಏನಾಯಿತೆಂದು ಕೇಳಿದಳು. ಹನ್ನೆರಡು ವರ್ಷ ಬಾಯಿಯೊಳಗೇ ಇಟ್ಟುಕೊಂಡಿದ್ದನ್ನು ಆಗ ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ನಾನು ಕೆಲಸ ಮಾಡಿದ್ದು ರೇಷ್ಮೆ ಕೃಷಿಯ ಇಲಾಖೆಯಲ್ಲಿ. ನನ್ನ ಹುದ್ದೆಯ ಹೆಸರು ಪ್ರದರ್ಶಕ. ಹುಳು ಸಾಕುವ ಬಗೆಯನ್ನು ರೈತರಿಗೆ ಮಾಡಿ ತೋರಿಸುವವನು ಎಂದು ಅದರ ಅರ್ಥ. ನಾನು ಮಾಡಿದ್ದು ಕಡಿಮೆ, ತೋರಿಸಿಕೊಂಡದ್ದು ಹೆಚ್ಚು. ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿದ್ದ ನನಗೆ ಹುಳುವಿನ ಹೊಟ್ಟೆಯೊಳಗಿನ ವಿಚಾರಗಳೆಲ್ಲ ಕಂಠಪಾಠವಾಗಿದ್ದವು, ಮತ್ತು ಕಂಠಪಾಠವಾದದ್ದನ್ನು ಯಾರಿಗಾದರೂ ಒಪ್ಪಿಸದಿದ್ದರೆ ಕಂಠಕ್ಕೆ ಸಮಾಧಾನವಿರಲಿಲ್ಲ. ಹಳ್ಳಿಯ ಕಟ್ಟೆಯ ಮೇಲೆ ಕುಳಿತವರಿಗೆ ನಾನು ಹೇಳುತ್ತಿದ್ದೆ: ಮನುಷ್ಯನ ಮೈಯಲ್ಲಿ ಉಸಿರಾಟವೆಂಬುದು ಒಂದೇ ಹೆಬ್ಬಾಗಿಲಿನ ವ್ಯವಹಾರ, ಮೂಗಿನಿಂದ ಒಳಹೊಕ್ಕ ಗಾಳಿ ಶ್ವಾಸಕೋಶದಲ್ಲಿ ಇಳಿಯುತ್ತದೆ, ಅಲ್ಲಿಂದ ರಕ್ತವು ಪ್ರಾಣವಾಯುವನ್ನು ಹೊತ್ತು ಮನೆಮನೆಗೆ ಹಂಚುತ್ತದೆ. ರೇಷ್ಮೆಹುಳುವಿಗೆ ಈ ಹೊರೆಯಾಳು ಬೇಕಿಲ್ಲ. ಅದರ ಎರಡು ಪಕ್ಕೆಗಳಲ್ಲೂ ಒಂಬತ್ತೊಂಬತ್ತು ಕಪ್ಪು ಚುಕ್ಕೆಗಳಿವೆ, ಒಂದೊಂದೂ ಒಂದು ಕಿಂಡಿ. ಅಲ್ಲಿಂದ ಹೊರಟ ಕೂದಲಿಗಿಂತ ಸಣ್ಣ ಕೊಳವೆಗಳು ಕವಲೊಡೆದು ಕವಲೊಡೆದು ಮೈಯ ಮೂಲೆಮೂಲೆಗೆ ಗಾಳಿಯನ್ನು ನೇರವಾಗಿ ಮುಟ್ಟಿಸುತ್ತವೆ. ಬೆನ್ನಿನುದ್ದಕ್ಕೂ ಚಾಚಿದ ಒಂದು ನಾಳವೇ ಅದರ ಹೃದಯ, ಅದು ಅನ್ನರಸವನ್ನು ಹರಿಸಿದರೆ ಸಾಕು. ಬೆಳೆದ ಹುಳುವನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, ತೆಳುವಾದ ತೊಗಲಿನಡಿ ಆ ನಾಳ ಬಾಲದಿಂದ ತಲೆಯತ್ತ ಮಿಡಿಯುತ್ತ ಸಾಗುವುದು ಬರಿಗಣ್ಣಿಗೆ ಕಾಣುತ್ತದೆ. ಅದು ತಿನ್ನುವ ಹಿಪ್ಪುನೇರಳೆ ಎಲೆಯ ಅಡಿಮೈಯಲ್ಲೂ ಎಣಿಸಲಾರದಷ್ಟು ಸೂಕ್ಷ್ಮ ಬಾಯಿಗಳಿರುತ್ತವೆ, ಗಿಡದಿಂದ ಕೊಯ್ದ ಮೇಲೂ ಆ ಎಲೆ ಉಸಿರಾಡುತ್ತಲೇ ಇರುತ್ತದೆ. ಇದನ್ನೆಲ್ಲ ಕೇಳಿದವರು ತಲೆದೂಗುತ್ತಿದ್ದರು. ಅವರು ತಲೆದೂಗಿದಷ್ಟೂ ನನ್ನ ತಲೆ ತಿರುಗುತ್ತಿತ್ತು.

ಚಳ್ಳಕೆರೆಗೆ ಹತ್ತಿರದ ಹಳ್ಳಿ ನನ್ನಿವಾಳದ ತಿಪ್ಪಕ್ಕನ ಮನೆ ನನ್ನ ಸುತ್ತಾಟದ ದಾರಿಯಲ್ಲಿತ್ತು. ಆಕೆಯ ಗಂಡ ಓಬಯ್ಯ ಕುರಿ ಕಾಯುವವನು. ಉಳ್ಳಾರ್ತಿ ಕಾವಲಿನ ಮೇವುಭೂಮಿಯ ಸುತ್ತ ಬೇಲಿಗಳು ಎದ್ದ ಮೇಲೆ ಮಂದೆಯನ್ನು ದೂರದೂರಕ್ಕೆ ಹೊಡೆದುಕೊಂಡು ಹೋಗಬೇಕಾಗಿ ಬಂದು, ವಾರಗಟ್ಟಲೆ ಊರ ಮುಖ ನೋಡುತ್ತಿರಲಿಲ್ಲ. ಮನೆಯಲ್ಲಿ ಉಳಿದವರು ತಿಪ್ಪಕ್ಕ ಮತ್ತು ಆಕೆಯ ನಾದಿನಿ ಪಾಲಮ್ಮ. ಪಾಲಮ್ಮ ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಮರಳಿದವಳು. ಬೇರೆ ಮನೆಗಳಲ್ಲಾದರೆ ಇಂಥ ಅತ್ತಿಗೆ ನಾದಿನಿಯರ ನಡುವೆ ಒಂದು ಒಲೆಗೆ ಎರಡು ಹೊಗೆ ಏಳುತ್ತಿತ್ತೇನೋ. ಇವರಿಬ್ಬರು ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದುಕೊಂಡು ಉಣ್ಣುವುದನ್ನು ನಾನೇ ಕಂಡಿದ್ದೇನೆ. ಮನೆಯೊಳಗೆ ಅವರ ಮಾತು ತೆಲುಗು, ಹೊರಗೆ ಕನ್ನಡ. ಆದರೆ ಪಾಲಮ್ಮ ಅತ್ತಿಗೆಯನ್ನು ಎಲ್ಲಿದ್ದರೂ ತೆಲುಗಿನಲ್ಲೇ ‘ವದಿನ’ ಎಂದು ಕರೆಯುತ್ತಿದ್ದಳು. ಒಂದೆಕರೆ ಹಿಪ್ಪುನೇರಳೆ ಹಾಕಿ ಹುಳು ಸಾಕುವುದೆಂದು ನಿರ್ಧರಿಸಿದವರೂ ಅವರಿಬ್ಬರೇ. ಕೊಯ್ಯುವವಳು ನಾದಿನಿ, ಹುಳುವಿಗೆ ಹಾಕುವವಳು ಅತ್ತಿಗೆ.

ಹುಳುಮನೆ ಕಟ್ಟುವಾಗ ಪಾಲಮ್ಮ ಗಾರೆಯವನಿಗೆ ಹೇಳಿ ಮೂಡಣ ಮತ್ತು ಪಡುವಣ ಗೋಡೆಗಳಲ್ಲಿ, ಸೂರಿಗೆ ತುಸು ಕೆಳಗೆ, ನಾಲ್ಕು ನಾಲ್ಕು ಇಟ್ಟಿಗೆ ಬಿಡಿಸಿ ಗಾಳಿಕಿಂಡಿ ಮಾಡಿಸಿದ್ದಳು. ಇಲಾಖೆಯ ನಕ್ಷೆಯಲ್ಲಿ ಅವು ಅಲ್ಲಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಕುರಿ ರೊಪ್ಪದಲ್ಲಿ ಮರಿ ಕೂಡುವ ಗೂಡನ್ನು ಸುತ್ತ ಮುಚ್ಚಿದರೆ ಮರಿಗಳಿಗೆ ಕೆಮ್ಮು ಹತ್ತುತ್ತದೆ, ಮೇಲೆ ಕಿಂಡಿ ಇದ್ದರೆ ಬಿಸಿಯುಸಿರು ಏರಿ ಹೋಗುತ್ತದೆ ಎಂದಳು. ನಾನು ನಗುತ್ತ, ಕುರಿಶಾಸ್ತ್ರ ಬೇರೆ ಹುಳುಶಾಸ್ತ್ರ ಬೇರೆ ಎಂದಿದ್ದೆ. ಎರಡು ಬೆಳೆ ಚೆನ್ನಾಗಿಯೇ ಆದವು. ಅದು ನನ್ನ ಸಲಹೆಯ ಫಲವೆಂದು ನಾನು ತಿಂಗಳ ವರದಿಯಲ್ಲಿ ಬರೆದುಕೊಂಡೆ.

ಮೂರನೆಯ ಬೆಳೆ ಪುಷ್ಯಮಾಸದಲ್ಲಿ ಬಂತು. ಹುಳು ಪೊರೆ ಬಿಡುವುದಕ್ಕೆ ಈ ಸೀಮೆಯ ಸಾಕಣೆದಾರರು ಜ್ವರವೆನ್ನುತ್ತಾರೆ. ನಾಲ್ಕನೇ ಜ್ವರ ದಾಟಿದ ಹುಳು ತನ್ನ ಬದುಕಿನ ಊಟದ ಬಹುಪಾಲನ್ನು ಒಂದು ವಾರದಲ್ಲಿ ಉಂಡು ಗೂಡು ಕಟ್ಟಲು ಸಿದ್ಧವಾಗುತ್ತದೆ. ತಿಪ್ಪಕ್ಕನ ಹುಳುಗಳು ಆ ಘಟ್ಟದಲ್ಲಿದ್ದವು. ಮುಟ್ಟಿದರೆ ತಣ್ಣಗೆ, ಗಟ್ಟಿಯಾಗಿ, ನೋಡಿದವರು ಹೊಗಳುವ ಹಾಗಿದ್ದವು. ಆದರೆ ಬಯಲಿನಿಂದ ಬೀಸುವ ಶೀತಗಾಳಿ ಆ ವರ್ಷ ಬಲವಾಗಿತ್ತು, ಜೊತೆಗೆ ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣದ ಕಾಟ. ಒಂದು ಸಂಜೆ ನಾನು ಬೈಕಿನಲ್ಲಿ ಹೋದವನು ಒಳಗೆ ನಿಂತು ಚಳಿ ತಡೆಯದೆ ಹುಕುಂ ಹೊರಡಿಸಿದೆ: ಮೇಲಿನ ಕಿಂಡಿಗಳಿಗೆಲ್ಲ ಗೋಣಿ ತುರುಕಿ, ಕಿಟಕಿಗಳಿಗೆ ಪ್ಲಾಸ್ಟಿಕ್ ಹೊದಿಸಿ ಮೊಳೆ ಹೊಡೆಯಿರಿ, ಒಳಗೆ ಎರಡು ಬಾಣಲೆ ಇದ್ದಿಲ ಕೆಂಡ ಇಡಿ, ನೊಣವೂ ಬರದು, ಚಳಿಯೂ ಬರದು. ಇಲಾಖೆಯ ಕೈಪಿಡಿಯಲ್ಲಿ ಕಾವು ಕೊಡಬೇಕೆಂದು ಇತ್ತು, ನಿಜ. ಗಾಳಿ ಆಡುವ ಹಾಗೆ ನೋಡಿಕೊಂಡು ಕೊಡಬೇಕೆಂದು ಮುಂದಿನ ಸಾಲಿನಲ್ಲೇ ಇತ್ತು. ಆ ಸಾಲು ನನಗೆ ಬಾಯಿಪಾಠವಿತ್ತು. ಆ ಸಂಜೆ ಯಾಕೆ ನೆನಪಾಗಲಿಲ್ಲವೆಂದು ನಾನು ಈಗಲೂ ಕೇಳಿಕೊಳ್ಳುತ್ತೇನೆ. ಮರಳಿ ಚಳ್ಳಕೆರೆ ಸೇರುವ ಅವಸರವಿತ್ತು, ಹೇಳಿದ್ದನ್ನು ಕೇಳುವ ಇಬ್ಬರು ಹೆಂಗಸರಿದ್ದರು. ಇಷ್ಟೇ ಉತ್ತರ.

ಪಾಲಮ್ಮ ಸೊಪ್ಪಿನ ಹೊರೆ ಇಳಿಸಿ ಬಾಗಿಲಲ್ಲಿ ನಿಂತಿದ್ದಳು. “ಉಸಿರು ಕಟ್ಟಲ್ವಾ ಸಾರ್?” ಎಂದಳು. “ರೊಪ್ಪ ಮುಚ್ಚಿದ್ರೆ ಮರಿಗೇ ತಡಿಯಾಕಾಗಲ್ಲ.”

“ಮರಿಗೆ ಮೂಗೈತಮ್ಮ. ಹುಳಕ್ಕೆ ಮೂಗೆಲ್ಲೈತೆ?” ಎಂದೆ ನಾನು.

ತಿಪ್ಪಕ್ಕ ನಕ್ಕಳು. ನನಗೂ ನನ್ನ ಚಟಾಕಿ ಮೆಚ್ಚಿಕೆಯಾಗಿ ಇನ್ನೊಮ್ಮೆ ನಕ್ಕೆ. ಪಕ್ಕೆಯಲ್ಲಿ ಹದಿನೆಂಟು ಮೂಗುಗಳಿರುವ ಜೀವದ ಬಗ್ಗೆ, ಆ ಹದಿನೆಂಟನ್ನೂ ಕಟ್ಟೆಕಟ್ಟೆಯ ಮೇಲೆ ಬಣ್ಣಿಸಿ ಚಪ್ಪಾಳೆ ಗಿಟ್ಟಿಸಿದವನು ಆಡಿದ ಮಾತು ಅದು. ಪಾಲಮ್ಮ ನಗಲಿಲ್ಲ. ಏಣಿ ತಂದು, ತಾನೇ ಬಿಡಿಸಿದ ಕಿಂಡಿಗಳಿಗೆ ತಾನೇ ಗೋಣಿ ತುರುಕಿದಳು. ನಮ್ಮ ಭಾಷೆಯ ವಿಶ್ವಾಸವೆಂಬ ಪದದೊಳಗೆ ಶ್ವಾಸ ಅಡಗಿ ಕುಳಿತಿರುವುದನ್ನು ನಾನು ಬಹಳ ಕಾಲ ಗಮನಿಸಿರಲಿಲ್ಲ. ನಂಬಿದವರ ಎದುರು ಮನುಷ್ಯ ಸಲೀಸಾಗಿ ಉಸಿರಾಡಬಲ್ಲ, ಆದ್ದರಿಂದ ಆ ಹೆಸರು ಬಂದಿದೆಯಂತೆ. ಅವರಿಬ್ಬರು ನನ್ನ ಮೇಲಿಟ್ಟ ವಿಶ್ವಾಸಕ್ಕೆ ಆ ಸಂಜೆ ಹುಳುಗಳ ಶ್ವಾಸ ಬಲಿಯಾಯಿತು.

ಎರಡು ದಿನದ ನಂತರ ತಿಪ್ಪಕ್ಕ ಯಾರ ಫೋನಿನಿಂದಲೋ ಕರೆ ಮಾಡಿಸಿದಳು. ಬೆಳಗಿನ ಎಂಟರ ಹೊತ್ತಿಗೆ ಹೋದೆ. ಹುಳುಮನೆಯ ಹತ್ತಿರ ಬಂದರೆ ಹುಳು ಎಲೆ ಮೇಯುವ ಸರಸರ ಸದ್ದು ಅಂಗಳದಿಂದಲೇ ಕೇಳುತ್ತಿತ್ತು ಯಾವಾಗಲೂ. ಅಂದು ಏನೂ ಇರಲಿಲ್ಲ. ಬಾಗಿಲು ತೆಗೆದಾಗ ಹೊರಬಂದ ಗಾಳಿಯಲ್ಲಿ ಇದ್ದಿಲ ಘಾಟು, ಹಿಕ್ಕೆಯ ಕಣ್ಣುರಿ, ಬಾಡಿದ ಸೊಪ್ಪಿನ ಸೆಖೆ ಎಲ್ಲ ಕಲೆತಿದ್ದವು. ಹಿಂದಿನ ದಿನ ಹಾಕಿದ ಸೊಪ್ಪು ಹಾಗೆಯೇ ಬಿದ್ದಿತ್ತು. ಹುಳುಗಳು ಮೆತ್ತಗಾಗಿ, ಕೆಲವು ಕಪ್ಪಿಟ್ಟು, ಮುಟ್ಟಿದರೆ ಒಡೆಯುವಂತಾಗಿದ್ದವು. ಬದುಕಿದ್ದ ಕೆಲವನ್ನು ತಿಪ್ಪಕ್ಕ ಒಂದು ಮೊರದಲ್ಲಿ ಆರಿಸಿ ಇಟ್ಟುಕೊಂಡಿದ್ದಳು, ಅವುಗಳ ಬೆನ್ನಿನ ಮಿಡಿತವೂ ಕಂಡೂ ಕಾಣದಂತಿತ್ತು.

ನಡೆದದ್ದನ್ನು ಹೇಳಿದವಳು ಪಾಲಮ್ಮ. ಹಿಂದಿನ ಬೆಳಿಗ್ಗೆ ಸೊಪ್ಪಿನ ಹೊರೆ ಇಡಲು ಒಳಗೆ ಹೋದವಳಿಗೆ ಕಣ್ಣು ಕತ್ತಲೆ ಬಂದು ಹೊಸ್ತಿಲ ಮೇಲೆ ಕೂರಬೇಕಾಯಿತಂತೆ. ಆಗ ನೋಡಿದಳಂತೆ, ಸೊಪ್ಪು ಹರವಿದ್ದ ಅಟ್ಟಣೆ ಅಟ್ಟಣೆಯಲ್ಲೂ ಹುಳುಗಳೆಲ್ಲ ಬಾಗಿಲ ಕಡೆಯ ಅಂಚಿಗೆ ಬಂದು, ಒಂದರ ಮೇಲೊಂದು ಹತ್ತಿ, ತಲೆಯೆತ್ತಿಕೊಂಡು ನಿಂತಿದ್ದವಂತೆ. ಆಕೆ ಇದನ್ನು ದೂರಿನಂತೆ ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಕೇಳಿದ ಕ್ಷಣವೇ ನನಗೆ ಎಲ್ಲವೂ ಅರ್ಥವಾಯಿತು. ಹುಳುಗಳ ಉಸಿರು, ಸೊಪ್ಪಿನ ಉಸಿರು, ಕೆಂಡದ ಉಸಿರು, ಎಲ್ಲವೂ ಒಂದೇ ಕೋಣೆಯಲ್ಲಿ ಸಿಕ್ಕಿಕೊಂಡು, ಹೋಗಲು ದಾರಿಯಿಲ್ಲದೆ, ಆ ಸಾವಿರಾರು ಜೀವಗಳು ಗಾಳಿಯನ್ನು ಹುಡುಕಿಕೊಂಡು ಬಾಗಿಲ ಸಂದಿಯತ್ತ ಹೊರಟಿದ್ದವು. ಆ ಕೋಣೆಯಲ್ಲಿ ಆ ಹೆಂಗಸರೇ ಮಲಗಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಯೋಚಿಸಿದ್ದು ಆಮೇಲೆ.

ಆಗ ನಾನು ಮಾಡಬೇಕಾದ್ದು ಇಷ್ಟೇ ಆಗಿತ್ತು: ತಪ್ಪು ನನ್ನದು, ನಿನ್ನ ಕಿಂಡಿ ಸರಿಯಿತ್ತು ಪಾಲಮ್ಮ ಎನ್ನಬೇಕಿತ್ತು. ಒಂದೇ ಒಂದು ಸಾಲು ಸಾಕಿತ್ತು. ನಾನು ಕೇಳಿದ್ದು, ಸೊಪ್ಪು ಕೊಯ್ದವರು ಯಾರು ಎಂದು. ಪಾಲಮ್ಮ ತಾನೇ ಎಂದಳು. ಎಷ್ಟು ಹೊತ್ತಿಗೆ ಎಂದೆ. ಬೆಳಗಾಗುತ್ತಲೇ ಎಂದಳು. ಹಾಗಾದರೆ ಇಬ್ಬನಿ ಇದ್ದಿರಬೇಕು, ಒದ್ದೆ ಸೊಪ್ಪು ತಿಂದು, ಹುಳು ಮೆತ್ತಗಾಗಿ ಸಾಯುವ ಸಪ್ಪೆ ರೋಗ ಬಂದಿದೆ ಎಂದು, ಕೈಯಲ್ಲಿದ್ದ ಪುಸ್ತಕದಲ್ಲಿ ಹಾಗೆಯೇ ಬರೆದೆ. ಸುಳ್ಳುಗಳಲ್ಲಿ ಅರ್ಧ ಸತ್ಯವಿರುವ ಸುಳ್ಳೇ ಬಲಿಷ್ಠ. ಹುಳುಗಳಿಗೆ ತಗುಲಿದ್ದನ್ನು ಆ ಹೆಸರಿನಿಂದ ಕರೆಯಬಹುದಿತ್ತು, ಒದ್ದೆ ಸೊಪ್ಪಿನಿಂದಲೂ ಅದು ಬರುವುದುಂಟು. ನಾನು ಬದಲಾಯಿಸಿದ್ದು ಕಾರಣವನ್ನು ಮಾತ್ರ.

“ಗೋಣಿ ಮ್ಯಾಲೆ ಹರವಿ ಆರಿಸಿದ್ದೆ ಸಾರ್,” ಎಂದಳು ಪಾಲಮ್ಮ.

ನಾನು ಪುಸ್ತಕದಿಂದ ತಲೆಯೆತ್ತದೆ, ಕಣ್ಣಿಗೆ ಕಾಣದಷ್ಟು ಹಸಿ ಉಳಿದರೂ ಸಾಕಮ್ಮ ಎಂದೆ. ನನ್ನ ನೌಕರಿಯಲ್ಲಿ ನಾನು ಆಡಿದ ಅತ್ಯಂತ ಕ್ರೂರವಾದ ಮಾತು ಅದೇ ಇರಬೇಕು. ಕಣ್ಣಿಗೆ ಕಾಣದ್ದನ್ನು ಆ ಬಡವಿ ಹೇಗೆ ಅಲ್ಲಗಳೆಯಬೇಕು? ತಿಪ್ಪಕ್ಕ ನಾದಿನಿಯ ಕಡೆ ತಿರುಗಿ ನೋಡಿದಳು. ಆ ನೋಟವನ್ನು ನಾನು ನೋಡಿದೆ, ನೋಡಿಯೂ ಬೈಕು ಹತ್ತಿದೆ. ಹೊರಡುವ ಮುನ್ನ, ಬಿಸಿಲು ಏರಿದೆಯಲ್ಲ ಇನ್ನು ಕೆಂಡ ಬೇಡ, ಗೋಣಿ ತೆಗೆಯಿರಿ ಎಂದು ಮಾತ್ರ ಹೇಳಿದೆ, ಅದೇನೋ ಮಾಮೂಲಿ ಸೂಚನೆಯೆಂಬಂತೆ.

ತಿಂಗಳು ಕಳೆದ ಮೇಲೆ ನನ್ನಿವಾಳಕ್ಕೆ ಹೋದಾಗ ತಿಪ್ಪಕ್ಕ ಒಬ್ಬಳೇ ತೋಟದಲ್ಲಿದ್ದಳು. ಪಾಲಮ್ಮ ಮೊಳಕಾಲ್ಮೂರಿಗೆ ಹೋದಳು, ಅಲ್ಲಿ ಮಗ್ಗದವರ ಮನೆಯಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಸಿಕ್ಕಿದೆ ಎಂದಳು. ಹೆಚ್ಚಿಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಒಂದು ಬಗೆಯ ನಿರಾಳವೆನಿಸಿತು, ನನ್ನನ್ನು ನೇರವಾಗಿ ನೋಡುವ ಎರಡು ಕಣ್ಣುಗಳು ಊರಿನಲ್ಲಿ ಇಲ್ಲವೆಂದು. ವರ್ಷದೊಳಗೆ ನನಗೆ ಹಿರಿಯೂರಿನ ಕಡೆ ವರ್ಗವಾಯಿತು. ಆ ಮೇಲಿಂದ ಎಲ್ಲಿ ಯಾವ ಹುಳುಮನೆಗೆ ಹೋದರೂ ಮೊದಲು ಕಿಟಕಿ ತೆರೆಸುತ್ತಿದ್ದೆ. ಗಾಳಿ ಸಾರ್ ಎಂದು ರೈತರು ಅಡ್ಡಹೆಸರಿಟ್ಟಿದ್ದರು. ಅದನ್ನು ಮೆಚ್ಚುಗೆಯೆಂದುಕೊಂಡು ಸಹೋದ್ಯೋಗಿಗಳ ಬಳಿ ಹೇಳಿಕೊಂಡದ್ದೂ ಉಂಟು.

ಇಷ್ಟನ್ನೂ ಅಂಗಳದಲ್ಲಿ ಕೂತು ಹೆಂಡತಿಗೆ ಹೇಳಿ ಮುಗಿಸಿದಾಗ ಅವಳು ಸೀರೆ ಸೆರಗನ್ನು ಸರಿಪಡಿಸಿಕೊಂಡು, “ಇದನ್ನ ನನಗ್ಯಾಕೆ ಹೇಳ್ತೀರಿ? ನಾನೇನು ಹುಳ ಸಾಕಿದ್ನಾ?” ಎಂದಳು. ಸಮಾಧಾನದ ಎರಡು ಮಾತು ನಿರೀಕ್ಷಿಸಿದ್ದ ನಾನು ಮುಖ ಸಪ್ಪಗೆ ಮಾಡಿಕೊಂಡೆ.  ಅದೇ ವಾರ ನನ್ನಿವಾಳದ ಬಸ್ಸು ಹತ್ತಿದೆ.

ಹಿಪ್ಪುನೇರಳೆ ತೋಟವಿದ್ದ ಜಾಗದಲ್ಲಿ ಶೇಂಗಾ ಕಿತ್ತ ಹೊಲವಿತ್ತು. ಪಾಲಮ್ಮ ಹೋದ ಮೇಲೆ ಒಂದೇ ಬೆಳೆ ಎಬ್ಬಿಸಿ ಸಾಕುಮಾಡಿದೆನೆಂದು ತಿಪ್ಪಕ್ಕ ಹೇಳಿದಳು. ಹುಳುಮನೆಯಲ್ಲಿ ಈಗ ಕುರಿಮರಿಗಳಿದ್ದವು. ಓಬಯ್ಯ ಮಂದೆಯೊಂದಿಗೆ ಹೋಗಿದ್ದ. ಆಕೆ ನನ್ನನ್ನು ಗುರುತಿಸಿ, ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ಲೋಟ ಕೆಳಗಿಟ್ಟು ನಾನು ಹೇಳತೊಡಗಿದೆ. ಕಿಂಡಿ ಮುಚ್ಚಿಸಿದ್ದರಿಂದಲೇ ಹುಳು ಸತ್ತದ್ದು, ಅದು ಅಂದೇ ನನಗೆ ತಿಳಿದಿತ್ತು, ಸೊಪ್ಪಿನ ಮೇಲೆ ತಪ್ಪು ಹೊರಿಸಿ ಬರೆದೆ ಎಂದೆ. ಅಷ್ಟು ವರ್ಷ ಭಾರವಾಗಿದ್ದ ಮಾತು ಅಷ್ಟು ಬೇಗ ಮುಗಿದುಹೋಯಿತಲ್ಲ ಎಂದು ನನಗೇ ಆಶ್ಚರ್ಯವಾಯಿತು.

ತಿಪ್ಪಕ್ಕ ಲೋಟ ಎತ್ತಿ ಪಕ್ಕಕ್ಕಿಟ್ಟಳು. ಒಳಗೆ ಒಂದು ಮರಿ ಕೂಗುತ್ತಿತ್ತು. ಆಮೇಲೆ, ನೆಲ ನೋಡುತ್ತ, ನಾನು ಬೈಕು ಹತ್ತಿ ಹೋದ ಮೇಲೆ ಆ ದಿನ ಏನಾಯಿತೆಂದು ಹೇಳಿದಳು. ಸತ್ತ ಹುಳುಗಳನ್ನು ಮಂಕರಿಗೆ ತುಂಬಿ ಗುಂಡಿಗೆ ಸುರಿಯುವಾಗ ಸಿಟ್ಟಿನಲ್ಲಿ ಆಕೆ ನಾದಿನಿಗೆ ಒಂದು ಮಾತು ಅಂದಿದ್ದಳು. ನಿನ್ನ ಕೈ ತಾಕಿದ್ದು ಯಾವುದು ಉಳಿದೈತೆ ಎಂದಿದ್ದಳು. ಗಂಡ ಸತ್ತವಳಿಗೆ ಆಡಿದ ಮಾತು. ಪಾಲಮ್ಮ ಮಂಕರಿ ಕೆಳಗಿಟ್ಟು, ಕೈ ತೊಳೆದುಕೊಂಡು, ಒಳಗೆ ಹೋಗಿ ಸೀರೆಗಳನ್ನು ಗಂಟು ಕಟ್ಟಿದಳಂತೆ. ಓಬಯ್ಯ ಎರಡು ಸಲ ಹೋಗಿ ಕರೆದರೂ ಬರಲಿಲ್ಲವಂತೆ.

“ನೀವು ಪುಸ್ತಕದಾಗೆ ಬರೆದ್ರಿ ಸಾರ್,” ಎಂದಳು ತಿಪ್ಪಕ್ಕ. “ನಾನು ಬಾಯಾಗೆ ಅಂದೆ.”

ಅದಕ್ಕೂ ನಾನೇ ಹೊಣೆಯೆಂದೆ. ಆಕೆ ತಲೆಯಲ್ಲಾಡಿಸಿದಳು. ನನ್ನದನ್ನು ನಾನು ಹೋಗಿ ಪಾಲಮ್ಮನಿಗೆ ಹೇಳಬೇಕು, ತನ್ನ ಮಾತನ್ನು ನಾನು ಹೊತ್ತು ಹೋಗುವಂತಿಲ್ಲ, ಅದು ತಾನೇ ಹೇಳಬೇಕಾದ್ದು ಎಂದಳು. ವಿಳಾಸ ಕೇಳಿದೆ. ಒಂದೇ ಉಸಿರಿಗೆ ಹೇಳಿದಳು: ಮಗ್ಗದವರ ಬೀದಿಯಲ್ಲಿ ನೀರಿನ ತೊಟ್ಟಿ ದಾಟಿ ಎಡಕ್ಕೆ ಮೂರನೇ ಮನೆ, ಹಸಿರು ಬಾಗಿಲು, ಬಾಗಿಲ ಮುಂದೆ ತಗಡಿನ ಡಬ್ಬಿಯಲ್ಲಿ ಕರಿಬೇವಿನ ಗಿಡ, ಮಧ್ಯಾಹ್ನ ಹೋಗಬೇಡಿ, ಯಜಮಾನರ ಮನೆಯಲ್ಲಿರುತ್ತಾಳೆ, ನಾಲ್ಕರ ಮೇಲೆ ಹೋಗಿ.

ಮರುದಿನವೇ ಹೊರಟೆ. ತಳಕು, ಹಾನಗಲ್ಲು ದಾಟಿ ಬಸ್ಸು ಸಾಗುವಾಗ ಬಂಡೆಗುಡ್ಡಗಳ ಸಾಲು ಕಂಡಿತು. ಪಕ್ಕದ ಸೀಟಿನ ಮುದುಕರು ಜಟಿಂಗ ರಾಮೇಶ್ವರ ಇರುವ ದಿಕ್ಕಿಗೆ ಕೈಮುಗಿದರು. ನಾನೂ ಮುಗಿದೆ, ಯಾವುದಕ್ಕೆಂದು ಸ್ಪಷ್ಟವಿಲ್ಲದೆ. ಮೊಳಕಾಲ್ಮೂರಿನಲ್ಲಿ ಮಗ್ಗದ ಲಟಲಟ ಸದ್ದನ್ನು ಹಿಡಿದು ಬೀದಿ ಸೇರಿದೆ. ತೊಟ್ಟಿ, ಎಡತಿರುವು, ಹಸಿರು ಬಾಗಿಲು, ಎಲ್ಲವೂ ಹೇಳಿದ ಹಾಗೆಯೇ ಇದ್ದವು. ಪಾಲಮ್ಮ ಬಾಗಿಲ ಬೆಳಕಿಗೆ ರಾಟೆ ಇಟ್ಟುಕೊಂಡು, ಲಡಿಯಿಂದ ಕೆಂಪು ರೇಷ್ಮೆ ಎಳೆಯನ್ನು ಚಿಕ್ಕ ಕಂಡಿಕೆಗೆ ಸುತ್ತುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ನಾನು ಹೆಸರು ಹೇಳಿದೆ. ಕುಳಿತುಕೊಳ್ಳಿ ಎಂದಳು, ರಾಟೆ ನಿಲ್ಲಿಸಲಿಲ್ಲ.

ತಿಪ್ಪಕ್ಕನಿಗೆ ಹೇಳಿದ್ದನ್ನೇ ಹೇಳಿದೆ. ನಿನ್ನ ಕಿಂಡಿ ಸರಿಯಿತ್ತಮ್ಮ, ನಿನ್ನ ಸೊಪ್ಪೂ ಸರಿಯಿತ್ತು ಎಂದೆ. ಆಕೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಗೊತ್ತಿತ್ತು ಎಂದಳು. ಆರಿಸಿದ ಸೊಪ್ಪನ್ನು ಕೈಯಾರೆ ಮುಟ್ಟಿ ನೋಡಿದವಳಿಗೆ ಗೊತ್ತಿರುವುದಿಲ್ಲವೇ ಎಂದಳು. ಹಾಗಾದರೆ ಆಗಲೇ ಯಾಕೆ ಜೋರಾಗಿ ಹೇಳಲಿಲ್ಲವೆಂದು ಕೇಳುವಷ್ಟು ಮೂರ್ಖ ನಾನಾಗಿರಲಿಲ್ಲ; ಹೇಳಿದ್ದಳು, ನಾನು ತಲೆಯೆತ್ತಿರಲಿಲ್ಲ.

ಒಂದು ಕಂಡಿಕೆ ತುಂಬಿತು. ಅದನ್ನು ತೆಗೆದು ಬುಟ್ಟಿಗೆ ಹಾಕಿ ಇನ್ನೊಂದನ್ನು ಸಿಕ್ಕಿಸುತ್ತ, “ಇದನ್ನ ಕೇಳಿ ವದಿನ ಏನಂದ್ಲು?” ಎಂದಳು.

ಪ್ರಿಯ ಓದುಗರೇ, ಆ ಗಳಿಗೆಯಲ್ಲಿ ನನ್ನ ಬಾಯಿಗೆ ಇನ್ನೊಂದು ಸುಳ್ಳು ಬಂದು ನಿಂತಿತ್ತು. ಕರೆದುಕೊಂಡು ಬನ್ನಿ ಅಂದಳು, ಅತ್ತಳು, ತಪ್ಪಾಯಿತೆಂದಳು ಎಂದೆಲ್ಲ ಹೇಳಿಬಿಡಬಹುದಿತ್ತು, ಮತ್ತು ಅದು ಮೊದಲಿನದಕ್ಕಿಂತ ಒಳ್ಳೆಯ ಸುಳ್ಳಾಗಿರುತ್ತಿತ್ತು. ನುಂಗಿಕೊಂಡೆ. ಏನೂ ಹೇಳಿ ಕಳಿಸಲಿಲ್ಲ, ತಾನು ಅಂದದ್ದನ್ನು ತಾನೇ ಹೇಳಬೇಕು ಎಂದಳು, ನನಗೆ ದಾರಿಯನ್ನಷ್ಟೇ ಹೇಳಿಕೊಟ್ಟಳು ಎಂದೆ.

ಏನು ದಾರಿ ಎಂದು ಕೇಳಿದಳು. ನೀರಿನ ತೊಟ್ಟಿ, ಎಡಕ್ಕೆ ಮೂರನೇ ಮನೆ, ಹಸಿರು ಬಾಗಿಲು, ಮುಂದೆ ಡಬ್ಬಿಯಲ್ಲಿ ಕರಿಬೇವು, ನಾಲ್ಕರ ಮೇಲೆ, ಎಂದು ಪಾಠ ಒಪ್ಪಿಸಿದೆ.

ರಾಟೆ ನಿಂತಿತು. “ಕರಿಬೇವು ಹಾಕಿದ್ದು ಹೋದ ಶ್ರಾವಣದಾಗೆ,” ಎಂದಳು ಪಾಲಮ್ಮ.

ಎದ್ದು ಹೊಸ್ತಿಲಿಗೆ ಬಂದು, ಬೀದಿಯ ಆ ತುದಿಯವರೆಗೆ ನೋಡಿದಳು. ನೀರಿನ ತೊಟ್ಟಿಯ ಹತ್ತಿರ ಯಾರೋ ಕೊಡ ತೊಳೆಯುತ್ತಿದ್ದರು. ಅಷ್ಟು ದೂರ ಬಂದು, ಬಾಗಿಲು ನೋಡಿ, ಗಿಡ ನೋಡಿ, ಕೂಗದೆ ಹಿಂದಿರುಗಿದ್ದ ಅತ್ತಿಗೆಯನ್ನು ಆಕೆ ಕಣ್ಣಲ್ಲೇ ಅಲ್ಲೆಲ್ಲ ಹುಡುಕುತ್ತಿದ್ದಂತೆ ನನಗೆ ಕಂಡಿತು. ಆಮೇಲೆ ಒಳಗೆ ಬಂದು, ರೇಷ್ಮೆ ಲಡಿಗೆ ಬಟ್ಟೆ ಮುಚ್ಚಿ, ಒಂದು ಚೀಲಕ್ಕೆ ಸೀರೆ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕಿದಳು. ಬಸ್ ನಿಲ್ದಾಣದವರೆಗೆ ನನ್ನ ಮುಂದೆ ಮುಂದೆ ನಡೆದಳು. ಚಳ್ಳಕೆರೆ ಬಸ್ಸಿನ ಮೆಟ್ಟಿಲ ಬಳಿ ಒಮ್ಮೆ ನಿಂತು, ಅಂದು ಮೊದಲ ಬಾರಿಗೆ ನನ್ನ ಮುಖ ನೋಡಿ, “ನೀವು ಇನ್ನಷ್ಟು ಬೇಗ ಬರಬೇಕಿತ್ತು ಸಾರ್,” ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ದಾರಿಯುದ್ದಕ್ಕೂ ಆಕೆ ಮುಂದಿನ ಹೆಂಗಸರ ಸೀಟಿನಲ್ಲಿ ಕುಳಿತಿದ್ದಳು, ನಾನು ಹಿಂದೆ. ಆ ಬೆಳ್ಳಗಿನ ತುರುಬು ಬಸ್ಸಿನ ಕುಲುಕಿಗೆ ಅಲುಗುವುದನ್ನೇ ನೋಡುತ್ತಿದ್ದೆ. ಏಣಿ ಹತ್ತಿ ಗೋಣಿ ತುರುಕಿದ ಸಂಜೆ ಅದು ಕಪ್ಪಗಿತ್ತು. ಎರಡೂ ಊರುಗಳ ನಡುವೆ ಇರುವುದು ಎರಡು ಗಂಟೆಯ ದಾರಿಯೂ ಅಲ್ಲ. ಚಳ್ಳಕೆರೆಯಲ್ಲಿ ಇಳಿದಾಗ ಆಕಾಶದಲ್ಲಿ ಇನ್ನೂ ಬೆಳಕಿತ್ತು. ಪಾಲಮ್ಮ ನನ್ನಿವಾಳಕ್ಕೆ ಹೋಗುವ ಆಟೋ ಯಾವುದೆಂದು ಒಬ್ಬ ಹೆಂಗಸನ್ನು ಕೇಳಿ ತಿಳಿದುಕೊಂಡಳು, ನನ್ನನ್ನು ಕೇಳಲಿಲ್ಲ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನ ಅಂಚಿಗೆ ಕುಳಿತಳು. ಆಟೋ ತುಂಬುವ ತನಕ ನಾನು ಅಲ್ಲೇ ನಿಂತಿದ್ದೆ, ಹೊರಟ ಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ.